ಕುರ್ಚಿಯ ಮೇಲಿನ ಮುಚ್ಚಳ

"ರೀ, ಮುಟ್ಬೇಡಿ! ಆ ಕುರ್ಚಿ ಖಾಲಿ ಇಲ್ಲ!"

ಹಿಂದಿನಿಂದ ಬಂದ ದನಿಗೆ ಸುಯಾಳ ಕೈ ಅಲ್ಲೇ ನಿಂತಿತು. ಮರಗಳ ಕೆಳಗೆ ಮೇಜು ಹಾಕಿ ಚಹಾ ಕೊಡುವ ಚಹಾ ತೋಟದಲ್ಲಿ, ಬಿದಿರು ಕುರ್ಚಿಯ ಮೇಲೆ ಯಾರೋ ಚಹಾ ಬಟ್ಟಲಿನ ಮುಚ್ಚಳ ಬಿಟ್ಟು ಹೋಗಿದ್ದರು. ಅದನ್ನೆತ್ತಿ ಮೇಜಿನ ಮೇಲಿಟ್ಟು ಕೂರೋಣವೆಂದು ಬಗ್ಗಿದ್ದಳು, ಅಷ್ಟೇ.

ಅವಳ ಎದೆ ಧಸಕ್ಕೆಂದದ್ದು ಗದರಿಕೆಗಲ್ಲ. ಆ ದನಿಗೆ!

ಏಳು ವರ್ಷ... ಏಳು ವರ್ಷದಿಂದ ಕೇಳದ ದನಿ.

'ತಿರುಗಬೇಡ ಸುಯಾ. ಹಾಗೇ ಹೊರಟುಬಿಡು' ಎಂದಿತು ಮನಸ್ಸು. ಆದರೂ ತಿರುಗಿದಳು.

ದಾಯ್ ಮೂಚೆನ್! ಕೈಯಲ್ಲಿ ಹುರಿದ ಸೂರ್ಯಕಾಂತಿ ಬೀಜದ ತಟ್ಟೆ. ಕಿವಿಯ ಪಕ್ಕ ನಾಲ್ಕು ಕೂದಲು ನೆರೆತಿದ್ದವು. ಅವಳ ಮುಖ ಕಂಡದ್ದೇ ತಟ್ಟೆ ವಾಲಿತು, ಅರ್ಧ ಬೀಜ ನೆಲದ ಪಾಲಾಯಿತು.

"ಸುಯಾ...?"

"ಕ್ಷಮಿಸಿ. ನಿಮ್ಮ ಜಾಗ ಅಂತ ಗೊತ್ತಾಗ್ಲಿಲ್ಲ."

"ನಿಮ್ಮ..." ಅವನು ಆ ಮಾತನ್ನು ತಾನೊಮ್ಮೆ ಅಂದುಕೊಂಡ. "ಏಳು ವರ್ಷಕ್ಕೆ ನಾನು 'ನೀವು' ಆಗ್ಬಿಟ್ನಾ?"

ಸುಯಾ ಬಗ್ಗಿ ಚೆಲ್ಲಿದ ಬೀಜ ಆಯತೊಡಗಿದಳು.

ಅವಳು ಇಲ್ಲಿಗೆ ಬರಬೇಕೆಂದು ಹೊರಟವಳೇ ಅಲ್ಲ. ದೇಶದ ಈಶಾನ್ಯ ಮೂಲೆಯ ತನ್ನೂರು ಹರ್ಬಿನ್‌ನಲ್ಲಿ ಅಪ್ಪನನ್ನು ಮಣ್ಣು ಮಾಡಿ, ಜರ್ಮನಿಗೆ ವಾಪಸು ಹೊರಟಿದ್ದಳು. ಸಿಕ್ಕಿದ ಟಿಕೆಟ್ಟಿನಲ್ಲಿ ಚೆಂಗ್ಡುವಿನಲ್ಲಿ ವಿಮಾನ ಬದಲಿಸಬೇಕಿತ್ತು. ಬೆಳಿಗ್ಗೆ ಇಳಿದರೆ ಮುಂದಿನದು ಸಂಜೆ ಕಳೆದ ಮೇಲೆ. ವಿಮಾನದಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು, "ಇಡೀ ದಿನ ನಿಲ್ದಾಣದಲ್ಲಿ ಗೋಡೆ ನೋಡ್ತಾ ಕೂರ್ತೀಯೇನಮ್ಮ? ಊರೊಳಗೆ ಹೋಗು, ಪಾಂಡಾ ನೋಡು, ಬಾಯಿ ಉರಿಯೋ ಹಾಗೆ ಹಾಟ್‌ಪಾಟ್ ತಿನ್ನು!" ಎಂದು ಬುದ್ಧಿ ಹೇಳಿದ್ದಳು. ಸುಯಾ ಪೆಟ್ಟಿಗೆಯನ್ನು ಲಗೇಜು ಕೋಣೆಯಲ್ಲಿಟ್ಟು ಮೆಟ್ರೋ ಹತ್ತಿದ್ದೇನೋ ನಿಜ. ಪಾಂಡಾ ಕಡೆ ಹೋಗುವ ರೈಲು ಹತ್ತಲಿಲ್ಲ, ಅಷ್ಟೇ.

ಅಮ್ಮ ಚಿಕ್ಕಂದಿನಲ್ಲೇ ಹೋಗಿದ್ದಳು. ಈಗ ಅಪ್ಪನೂ ಇಲ್ಲ. ಮನೆಯ ಬೀಗದ ಕೈ ಬೇರೆಯವರಿಗೆ ಕೊಟ್ಟಾಗಿತ್ತು. ಈ ದೇಶದಲ್ಲಿ ತನಗಾಗಿ ಬಾಗಿಲ ಕಡೆ ನೋಡುತ್ತಾ ಕೂರುವವರು ಇನ್ನು ಒಬ್ಬರೂ ಇಲ್ಲ! ಮತ್ತೆ ಬರುವುದೂ ಇಲ್ಲ. ಹೋಗುವ ಮುನ್ನ ತನ್ನ ಮನಸ್ಸು ಮುರಿದ ಜಾಗವನ್ನು ಒಮ್ಮೆ ನೋಡಿ, ಆ ಲೆಕ್ಕವನ್ನೂ ಮುಗಿಸಿಬಿಡೋಣ ಎಂದುಕೊಂಡಿದ್ದಳು.

ಜಾಗ ಸಿಕ್ಕಿತು. ಜೊತೆಗೆ ಮನಸ್ಸು ಮುರಿದವನೂ ಸಿಕ್ಕಿದ.

"ಯಾರೋ ಇದು ಮೂಚೆನ್?"

ಉದ್ದ ಮೂತಿಯ ತಾಮ್ರದ ಕೆಟಲ್ ಹಿಡಿದು ತಾಂಗ್ ಚಿಕ್ಕಮ್ಮ ಬಂದಳು. ಈ ಚಹಾ ತೋಟದಲ್ಲಿ ಬಿಸಿನೀರು ಹೊಯ್ಯುತ್ತಲೇ ಮುದುಕಿಯಾದವಳು, ಬಂದವರಿಗೆಲ್ಲ ಚಿಕ್ಕಮ್ಮ. ಕಣ್ಣು ಈಗ ಅಷ್ಟಕ್ಕಷ್ಟೆ, ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

"ಮಗಳೇ, ಆ ಕುರ್ಚಿ ಬಿಟ್ಟು ಬೇರೆ ಯಾವುದಾದ್ರೂ ತಗೋ. ಅದು ಇವನ ಹೆಂಡ್ತಿ ಕುರ್ಚಿ. ಈಗ ಎದ್ದು ಹೋಗಿದ್ದಾಳೆ, ಬಂದ್ಬಿಡ್ತಾಳೆ!"

"ಚಿಕ್ಕಮ್ಮಾ..." ಮೂಚೆನ್‌ನ ಮುಖ ಕೆಂಪಾಯಿತು. "ಸುಯಾ, ಅದು... ಹಾಗಲ್ಲ..."

"ಪರವಾಗಿಲ್ಲ." ಸುಯಾ ನಕ್ಕಳು. ಆ ನಗು ತರಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. "ನಾನು ಬೇಗ ಹೊರಡ್ತೀನಿ. ಅವರು ಬರೋದ್ರೊಳಗೆ."

'ಮದುವೆ ಆಗಿದೆ! ಆಗದೆ ಇರ್ತಾನಾ? ನೀನೇನು ಅಂದ್ಕೊಂಡಿದ್ದೆ ಸುಯಾ, ನಿನ್ನ ನೆನಪಲ್ಲಿ ಗಡ್ಡ ಬಿಟ್ಟುಕೊಂಡು ಕೂತಿರ್ತಾನೆ ಅಂತಾನಾ?'

ಅವಳ ಕಣ್ಣು ಮೇಜಿನ ಮೇಲೆ ಹೋಯಿತು. ನಿಜ, ಎರಡು ಬಟ್ಟಲು. ಅವನದೊಂದು. ಖಾಲಿ ಕುರ್ಚಿಯ ಎದುರಿಗೆ ಮುಚ್ಚಳವಿಲ್ಲದ್ದು ಇನ್ನೊಂದು, ಅದರಲ್ಲಿ ಮಲ್ಲಿಗೆ ಮೊಗ್ಗು ತೇಲುತ್ತಿತ್ತು. ಹಾಗಾದರೆ ಅವನ ಹೆಂಡತಿ ಮಲ್ಲಿಗೆ ಚಹಾ ಕುಡಿಯುತ್ತಾಳೆ. ಸುಯಾಳಿಗೂ ಮಲ್ಲಿಗೆ ಚಹಾ ಅಂದರೆ ಪ್ರಾಣ... ಇರಲಿ, ಆ ಮಾತು ಈಗ ಯಾಕೆ?

ಮೂಚೆನ್ ಪಕ್ಕದ ಮೇಜಿನಿಂದ ಇನ್ನೊಂದು ಕುರ್ಚಿ ಎಳೆದು ತಂದ. ಚಿಕ್ಕಮ್ಮ ಮೂರನೆಯ ಬಟ್ಟಲು ತಂದು ನೀರು ಹೊಯ್ದು ಹೋದಳು. ಕೂತಾಗಲೇ ಅವನ ಕಣ್ಣು ಸುಯಾಳ ತೋಳಿನ ಮೇಲೆ ಬಿದ್ದದ್ದು. ಅಂಗಿಯ ತೋಳಿಗೆ ಪಿನ್ನು ಹಾಕಿದ್ದ ಕಪ್ಪು ಬಟ್ಟೆ.

"ಯಾರು...?"

"ಅಪ್ಪ."

ಮೂಚೆನ್ ಎದ್ದು ನಿಂತ. ಏನೂ ಹೇಳದೆ ತಲೆ ತಗ್ಗಿಸಿ ಸ್ವಲ್ಪ ಹೊತ್ತು ನಿಂತೇ ಇದ್ದ. ಸುಯಾಳ ಕಣ್ಣಿನಲ್ಲಿ ನೀರಾಡಿತು. ಹರ್ಬಿನ್‌ನಲ್ಲಿ ಎಷ್ಟೋ ಜನ ಎಷ್ಟೋ ಸಮಾಧಾನ ಹೇಳಿದ್ದರು, ಆಗ ಬಾರದ ಅಳು ಈಗ ಬಂತು.

"ಕೊನೇಲಿ ಮುಖ ನೋಡೋಕೂ ಸಿಗ್ಲಿಲ್ಲ ಮೂಚೆನ್. ಹ್ಯಾಂಬರ್ಗಿನ ವೃದ್ಧಾಶ್ರಮದಲ್ಲಿ ಯಾರ‍್ಯಾರದೋ ಅಪ್ಪ ಅಮ್ಮಂದಿರಿಗೆ ಊಟ ಮಾಡಿಸ್ತೀನಿ, ಮಾತ್ರೆ ಕೊಡ್ತೀನಿ, ಕೂದಲು ಬಾಚ್ತೀನಿ... ನಮ್ಮಪ್ಪನಿಗೆ ಒಂದು ಲೋಟ ನೀರು ಕೊಡೋಕಾಗ್ಲಿಲ್ಲ."

"ಅವರಿಗೆ ನಿನ್ನ ಮೇಲೆ ಬೇಜಾರಿರಲ್ಲ ಸುಯಾ."

"ನಿಮಗೆ ಹೇಗೆ ಗೊತ್ತು?"

"ನಿನ್ನ ಮೇಲೆ ಬೇಜಾರು ಮಾಡ್ಕೊಳ್ಳೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನಾನೂ ಪ್ರಯತ್ನಪಟ್ಟಿದ್ದೀನಿ."

ಸುಯಾ ಚಟ್ಟನೆ ತಲೆಯೆತ್ತಿದಳು. ಬೇಜಾರು? ಅವನಿಗೆ? ಬಿಟ್ಟು ಹೋದವನು ಅವನು!

ಏಳು ವರ್ಷದ ಹಿಂದೆ, ಅವಳು ಈ ಊರಲ್ಲೇ ಇದ್ದಾಗಿನ ಆ ರಾತ್ರಿ ಕಣ್ಣೆದುರು ಬಂತು. ಜರ್ಮನಿಯ ಕೆಲಸ ಸಿಕ್ಕಿದ್ದಕ್ಕೆ ದೊಡ್ಡ ಜಗಳ. ಅವನಿಗೆ ಇಲ್ಲಿ ಶಾಲೆಯ ಕೆಲಸ, ಸಾಕಿದ ಅಜ್ಜಿ. 'ಹೋಗಬೇಡ' ಎನ್ನಲು ಅವನಿಗೆ ಬಾಯಿ ಬಾರದು, 'ನನ್ನ ತಡಿ' ಎಂದು ಬೇಡಲು ಅವಳಿಗೆ ಮನಸ್ಸು ಬಾರದು. ಕೊನೆಗೆ ಅವಳೇ ಅಂದಿದ್ದಳು: "ನಾಳೆ ಬೆಳಿಗ್ಗೆ ಚಹಾ ತೋಟಕ್ಕೆ ಬರ್ತೀನಿ. ನಮ್ಮ ಮೇಜಲ್ಲಿ ನೀನಿದ್ರೆ ನಾನು ಹೋಗಲ್ಲ. ನೀನಿಲ್ಲದಿದ್ರೆ... ಮತ್ತೆ ನನ್ನ ಹುಡುಕಬೇಡ, ಫೋನೂ ಮಾಡಬೇಡ."

ಬಂದಿದ್ದಳು. ಮೇಜಿತ್ತು, ಕುರ್ಚಿಯಿತ್ತು. ಅವನಿರಲಿಲ್ಲ. ಫೋನು ಸ್ವಿಚ್ ಆಫ್! ಅಷ್ಟೇ ಸಾಕಾಗಿತ್ತು. ಅದೇ ದಿನ ವಿಮಾನ ಹತ್ತಿ, ಹಳೆಯ ನಂಬರನ್ನು ಅಲ್ಲೇ ಬಿಸಾಡಿದ್ದಳು.

ಹರ್ಬಿನ್‌ನವರ ಸಿಟ್ಟು ಎಂದರೆ ಅಲ್ಲಿಯ ಚಳಿಯ ಹಾಗೆ, ಒಂದು ಸಲ ಹಿಡಿದರೆ ಬೇಗ ಬಿಡುವಂಥದ್ದಲ್ಲ.

"ವಿಮಾನ ಎಷ್ಟೊತ್ತಿಗೆ?" ಮೂಚೆನ್ ಕೇಳಿದ.

"ಸಂಜೆ ಮೇಲೆ."

"ಇಷ್ಟೊಂದು ಹೊತ್ತಿದೆಯಲ್ಲ. ಪಾಂಡಾ ನೋಡೋಕೆ ಹೋಗ್ಬೇಕಿತ್ತು."

"ಅದೇನು ನೋಡೋದು? ತಿನ್ನೋದು, ಮಲಗೋದು, ಹೆಂಗಸ್ರು ಬೈದ್ರೆ ಆ ಕಡೆ ತಿರುಗಿ ಮತ್ತೆ ಮಲಗೋದು. ಥೇಟ್ ನಿಮ್ಮೂರ ಗಂಡಸ್ರ ಹಾಗೆ."

ಹಳೆಯ ತಮಾಷೆ. ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತ್ತು. ಮೂಚೆನ್ ಜೋರಾಗಿ ನಕ್ಕ.

"ನಮ್ಮೂರ ಗಂಡಸ್ರ ಕಿವಿ ಮೆತ್ತಗೆ ಕಣೇ. ಹೆಂಡ್ತಿ ಹಿಂಡಿದ್ರೂ ನೋವಾಗಲ್ಲ!"

ಅದೂ ಹಳೆಯ ಉತ್ತರವೇ. ಇಬ್ಬರೂ ನಕ್ಕರು. ಆದರೆ 'ಹೆಂಡ್ತಿ' ಎಂಬ ಮಾತು ಮೇಜಿನ ನಡುವೆ ಬಿದ್ದು ಅಲ್ಲೇ ಉಳಿಯಿತು.

ಸುತ್ತಲೂ ಮಹ್‌ಜಾಂಗ್ ಆಟದ ಬಿಲ್ಲೆಗಳ ಕಟಕಟ. ಕಿವಿ ಗುಗ್ಗೆ ತೆಗೆಯುವವನು ಉದ್ದ ಚಿಮುಟ ಮಿಡಿದು ಸದ್ದು ಮಾಡುತ್ತಾ ಗಿರಾಕಿ ಹುಡುಕುತ್ತಿದ್ದ. ಮೇಜುಗಳ ನಡುವೆ ಯಾವ ಹೆಂಗಸು ಬಂದರೂ ಸುಯಾ ಬೆಚ್ಚುತ್ತಿದ್ದಳು. ಈ ನೀಲಿ ಅಂಗಿಯವಳಾ? ಮಗು ಎತ್ತಿಕೊಂಡ ಆಕೆಯಾ? ಬಂದರೆ ಏನೆಂದು ಪರಿಚಯ ಮಾಡಿಸುತ್ತಾನೆ? ಹಳೇ ಸ್ನೇಹಿತೆ?

ಸಾಕು. ಇನ್ನು ಕೂತರೆ ಮರ್ಯಾದೆ ಹೋಗುತ್ತದೆ.

ಉಳಿದ ಚಹಾ ಕುಡಿದಳು. ಯೋಚನೆಯಲ್ಲೇ ಮುಚ್ಚಳವನ್ನು ಬೋರಲು ಮಾಡಿ ಬಟ್ಟಲೊಳಗೆ ಇಟ್ಟು, ಚೀಲ ಹೆಗಲಿಗೇರಿಸಿದಳು.

"ಬರ್ತೀನಿ ಮೂಚೆನ್. ನಿಮ್ಮ ಮನೆಯವರಿಗೆ..."

ಮಾತು ಅರ್ಧಕ್ಕೇ ನಿಂತಿತು. ಮೂಚೆನ್‌ನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನು ಅವಳನ್ನು ನೋಡುತ್ತಿರಲಿಲ್ಲ, ಆ ಬಟ್ಟಲನ್ನು ನೋಡುತ್ತಿದ್ದ.

"ಮತ್ತೆ ಅದೇನಾ ಸುಯಾ? ಈ ಸಲಾನೂ ಬಾಯಿಬಿಟ್ಟು ಒಂದು ಮಾತು ಹೇಳೋಕಾಗಲ್ವಾ?"

"ನಾನೇನ್ ಮಾಡ್ದೆ?"

ಅಷ್ಟರಲ್ಲಿ ತಾಂಗ್ ಚಿಕ್ಕಮ್ಮ ಬಂದು ಸುಯಾಳ ಬಟ್ಟಲಿಗೆ ಕೈ ಹಾಕಿದಳು. "ಇಷ್ಟು ಬೇಗ ಮುಗೀತಾ ಮಗಳೇ? ತೆಗೀಲಾ?"

"ಮುಗೀತು ಅಂತ ನಾನು ಹೇಳ್ಲೇ ಇಲ್ವಲ್ಲ ಚಿಕ್ಕಮ್ಮ!"

"ನೀನ್ಯಾಕೆ ಹೇಳ್ಬೇಕು? ಮುಚ್ಚಳ ಹೇಳ್ತಲ್ಲ!" ಚಿಕ್ಕಮ್ಮ ನಕ್ಕಳು. "ಒಳಗೆ ಬೋರಲು ಹಾಕಿದ್ರೆ ನನ್ನದು ಮುಗೀತು, ಇನ್ನು ಬರಲ್ಲ, ತೆಗೆದುಬಿಡು ಅಂತ. ಕುರ್ಚಿ ಮೇಲಿಟ್ರೆ ಈಗ ಬಂದೆ, ನನ್ನ ಜಾಗ ಯಾರಿಗೂ ಕೊಡಬೇಡ ಅಂತ. ಯಾವೂರಮ್ಮ ನಿಂದು, ಇಷ್ಟೂ ತಿಳಿಯಲ್ವಾ?"

ಸುಯಾ ಕುಸಿದು ಕೂತಳು.

ಕುರ್ಚಿ ಮೇಲಿಟ್ರೆ... ಈಗ ಬಂದೆ ಅಂತ!

ಅವತ್ತು... ಅವತ್ತು ಅವನ ಕುರ್ಚಿಯ ಮೇಲೆ ಮುಚ್ಚಳವಿತ್ತು! ಅದೇ ಕುರ್ಚಿಯಲ್ಲಿ ಕೂತು ಅತ್ತಿದ್ದಳು. ಆ ಮುಚ್ಚಳವನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಾ ಅತ್ತು, ಕೊನೆಗೆ, ಯಾರೋ ಕುಡಿದು ಬಿಟ್ಟು ಹೋದದ್ದು ಎಂದುಕೊಂಡಿದ್ದ ಅವನ ಬಟ್ಟಲಿನೊಳಗೆ ಬೋರಲು ಹಾಕಿ ಎದ್ದು ಹೋಗಿದ್ದಳು.

"ನನಗೆ ಗೊತ್ತಿರ್ಲಿಲ್ಲ... ಮೂಚೆನ್, ಅದು ನಮ್ಮಪ್ಪನ ಅಭ್ಯಾಸ! ಚಹಾ ಕುಡಿದಾದ ಮೇಲೆ ಮಗ್ಗಿನ ಮುಚ್ಚಳ ಬೋರಲು ಹಾಕೋರು. ನಾನೂ ಹಾಗೇ ಕಲಿತೆ. ನಮ್ಮ ಕಡೆ ಅದಕ್ಕೆ ಅರ್ಥ ಗಿರ್ಥ ಏನೂ ಇಲ್ಲ. ನಿಮ್ಮೂರಲ್ಲಿ ಮುಚ್ಚಳಾನೂ ಮಾತಾಡುತ್ತೆ ಅಂತ ನಂಗೆ ಯಾರು ಹೇಳಿದ್ರು?"

"ನಾನು ಹೇಳ್ಬೇಕಿತ್ತು." ಮೂಚೆನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಹೇಳೋ ಸಂದರ್ಭವೇ ಬರ್ಲಿಲ್ಲ. ನೀನು ಜೊತೇಲಿದ್ದಾಗ ಒಂದು ದಿನಾನೂ ನಾನು ಈ ಮೇಜು ಬಿಟ್ಟು ಎದ್ದು ಹೋಗಿರ್ಲಿಲ್ಲ."

ನಿಜ. ಪಕ್ಕದಲ್ಲಿ ಅವಳಿರುವಾಗ ಅವನಿಗೆ ಎದ್ದು ಹೋಗುವ ಕೆಲಸವೇ ಇರುತ್ತಿರಲಿಲ್ಲ. ಪ್ರೀತಿ ಹೆಚ್ಚಾದರೂ ಎಂಥ ಎಡವಟ್ಟು ನೋಡಿ!

"ಅವತ್ತು ಎಲ್ಲಿಗೆ ಹೋಗಿದ್ದೆ?" ಈಗ ಅವಳ ಬಾಯಲ್ಲಿ 'ನೀವು' ಇರಲಿಲ್ಲ.

"ಬೆಳಿಗ್ಗೆ ಬಾಗಿಲು ತೆಗೆಯೋಕೆ ಮುಂಚೇನೇ ಬಂದು ಕೂತಿದ್ದೆ. ಹೊರಡುವಾಗ ಅಜ್ಜಿಗೆ ಹೇಳಿದ್ದೆ, 'ಇವತ್ತು ನಿನ್ನ ಮೊಮ್ಮಗನ ಹೆಂಡ್ತಿ ಬರ್ತಾಳೆ' ಅಂತ. ಅಜ್ಜಿಗೆ ಆಗ್ಲೇ ಮರೆವು ಶುರುವಾಗಿತ್ತು. ಅದೊಂದು ಮಾತು ಮಾತ್ರ ಮರೀಲಿಲ್ಲ. ಮನೆಗೆ ಬರೋ ಸೊಸೆಗೆ ಅಂತ ಇಟ್ಟಿದ್ದ ಹಸಿರುಕಲ್ಲಿನ ಬಳೆ ಜೇಬಲ್ಲಿ ಹಾಕ್ಕೊಂಡು, ನಿನ್ನ ನೋಡೋಕೆ ಅಂತ ಒಬ್ಬಳೇ ಹೊರಟುಬಿಟ್ಟಿದ್ದಾಳೆ. ದಾರಿ ತಪ್ಪಿತು. ಪಕ್ಕದ ಮನೆಯವರು ಫೋನ್ ಮಾಡಿದ್ರು. ಮುಚ್ಚಳ ಇಟ್ಟು ಓಡಿದೆ. ಹುಡುಕೋ ಗಡಿಬಿಡೀಲಿ ಫೋನ್ ಚಾರ್ಜೂ ಹೋಯ್ತು. ಅಜ್ಜಿ ಬಸ್ ಸ್ಟಾಪಲ್ಲಿ ಕೂತು ಅಳ್ತಿದ್ಲು. ಕೈ ಹಿಡ್ಕೊಂಡು ಇಲ್ಲಿಗೇ ಕರ್ಕೊಂಡು ಬಂದೆ, ನಿನಗೆ ತೋರಿಸೋಣ ಅಂತ..."

ಅವನು ಮೇಜಿನ ಮೇಲಿನ ತನ್ನ ಬಟ್ಟಲನ್ನು ಆಚೆ ಸರಿಸಿದ.

"ಬಂದು ನೋಡಿದ್ರೆ ನನ್ನ ಬಟ್ಟಲಲ್ಲಿ ಮುಚ್ಚಳ ಬೋರಲು. ಚಿಕ್ಕಮ್ಮ ದೂರದಿಂದ ನೋಡಿದ್ರಂತೆ, ಎತ್ತರದ ಹುಡುಗಿ ಬಂದು ಮುಚ್ಚಳ ತಿರುಗಿಸಿ ಹೋದ್ಲು ಅಂತ. ನಮ್ಮೂರಲ್ಲಿ ಅದಕ್ಕಿಂತ ಸ್ಪಷ್ಟವಾಗಿ 'ನೀನು ಬೇಡ' ಅಂತ ಹೇಳೋಕೆ ಮಾತಿಲ್ಲ ಸುಯಾ. ಉತ್ತರ ಕೊಟ್ಟು ಹೋದವಳ ಹಿಂದೆ ಬಿದ್ದು ಮತ್ತೆ ಕೇಳೋದು ಮರ್ಯಾದೆ ಅಲ್ಲ ಅಂದ್ಕೊಂಡೆ."

"ಅಯ್ಯೋ ದೇವರೇ... ಮರ್ಯಾದೆಗೆ ಬೆಂಕಿ ಹಾಕ! ಒಂದೇ ಒಂದು ಸಲ ಕೇಳಬಾರದಿತ್ತೇನೋ!"

"ನೀನು ಒಂದು ಗಂಟೆ ಕಾಯಬಾರದಿತ್ತೇನೇ!"

ಪಕ್ಕದ ಮೇಜಿನ ಮಹ್‌ಜಾಂಗ್ ನಿಂತಿತು. ನಾಲ್ಕು ಮುದುಕರು ನಾಚಿಕೆಯಿಲ್ಲದೆ ಇತ್ತಲೇ ನೋಡುತ್ತಿದ್ದರು. ತಾಂಗ್ ಚಿಕ್ಕಮ್ಮ ಕೆಟಲ್ ಕೆಳಗಿಟ್ಟು ಸುಯಾಳ ಮುಖದ ಹತ್ತಿರ ಮುಖ ತಂದಳು.

"ಏಯ್... ನೀನು ಆ ಈಶಾನ್ಯದ ಹುಡುಗಿ ಅಲ್ವೇನೇ?"

ಸುಯಾ ತಲೆಯಾಡಿಸಿದಳು. ಕಣ್ಣು ಒರೆಸಿಕೊಂಡು ಖಾಲಿ ಕುರ್ಚಿಯ ಕಡೆ ಕೈ ತೋರಿಸಿದಳು. ಈಗ ಏನು ತಿಳಿದರೂ ಏನು ಪ್ರಯೋಜನ? ಆ ಕುರ್ಚಿಯಲ್ಲಿ ಕೂರುವವಳೊಬ್ಬಳು ಇದ್ದಾಳಲ್ಲ!

"ಅವಳು ಒಳ್ಳೆಯವಳಾ ಮೂಚೆನ್? ನಿನ್ನ ಹೆಂಡ್ತಿ?"

ಮೂಚೆನ್ ಅವಳನ್ನೇ ನೋಡಿದ. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಜ್ಜಿ ದಿನಾ ಕೇಳೋಳು. 'ನನ್ನ ಮೊಮ್ಮಗನ ಹೆಂಡ್ತಿ ಎಲ್ಲಿ? ಬರ್ತಾಳೆ ಅಂದಿದ್ದೆಯಲ್ಲ?' ನಿಜ ಹೇಳಿದ್ರೆ ಅಳೋಳು, ಮಾರನೇ ದಿನ ಮರೆತು ಮತ್ತೆ ಕೇಳೋಳು. ದಿನಾ ಅಳಿಸೋದು ಹೇಗೆ? ಇಲ್ಲಿಗೆ ಕರ್ಕೊಂಡು ಬಂದು, ಇನ್ನೊಂದು ಮಲ್ಲಿಗೆ ಚಹಾ ತರಿಸಿ, ಖಾಲಿ ಕುರ್ಚಿ ಮೇಲೆ ಮುಚ್ಚಳ ಇಟ್ಟೆ. 'ನೋಡಜ್ಜಿ, ಈಗ ಎದ್ದು ಹೋಗಿದ್ದಾಳೆ. ಬಂದ್ಬಿಡ್ತಾಳೆ.' ಅಷ್ಟಕ್ಕೆ ಅಜ್ಜಿಗೆ ಸಮಾಧಾನ. ಚಿಕ್ಕಮ್ಮನೂ ಕೇಳಿದೋರಿಗೆಲ್ಲ ಅದನ್ನೇ ಹೇಳ್ತಾ ಬಂದ್ರು. ಹೋದ ಚಳಿಗಾಲದಲ್ಲಿ ಅಜ್ಜಿ ತೀರ್ಕೊಂಡ್ಲು."

"ಆಮೇಲೂ... ಯಾಕೆ ಇಡ್ತೀಯ?"

"ಅಜ್ಜಿಗೋಸ್ಕರ ಅಂದ್ಕೊಂಡಿದ್ದೆ. ಅಜ್ಜಿ ಹೋದ ಮೇಲೂ ಕೈ ನಿಲ್ಲಲಿಲ್ಲ. ಆಗ ಗೊತ್ತಾಯ್ತು, ಇಟ್ಟಿದ್ದು ನನಗೋಸ್ಕರ." ಅವನ ಕಣ್ಣು ತುಂಬಿತು. "ಅದು ನಿನ್ನ ಕುರ್ಚಿ ಸುಯಾ. ಬೇರೆ ಯಾರೂ ಇಲ್ಲ. ಯಾವತ್ತೂ ಇರ್ಲಿಲ್ಲ."

ಈ ದೇಶದಲ್ಲಿ ತನಗಾಗಿ ಕಾಯುವವರು ಒಬ್ಬರೂ ಇಲ್ಲ ಎಂದುಕೊಂಡು ಬಂದವಳು! ಇಲ್ಲೊಂದು ಬಿದಿರು ಕುರ್ಚಿ ಏಳು ವರ್ಷದಿಂದ ಅವಳ ಜಾಗ ಹಿಡಿದು ಕೂತಿತ್ತು. ಸುಯಾ ಅವನ ಕೈ ಹಿಡಿದುಕೊಂಡು, ಅಪ್ಪನಿಗಾಗಿ, ಕಾಣದ ಅಜ್ಜಿಗಾಗಿ, ಕಳೆದುಹೋದ ವರ್ಷಗಳಿಗಾಗಿ ಬಿಕ್ಕಿಬಿಕ್ಕಿ ಅತ್ತಳು. ಯಾರೂ ಸಮಾಧಾನ ಹೇಳಲಿಲ್ಲ. ಚಿಕ್ಕಮ್ಮ ಬಿಸಿನೀರು ಹೊಯ್ದು ಸದ್ದಿಲ್ಲದೆ ಹೋದಳು.

ಆಮೇಲೆ ಸುಯಾ ಎದ್ದು, ಆ ಕುರ್ಚಿಯ ಮೇಲಿನ ಮುಚ್ಚಳ ತೆಗೆದು, ತನ್ನ ಜಾಗದಲ್ಲಿ ಕೂತಳು. ಬಿಸಿಲು ಇಳಿಯುವವರೆಗೂ ಇಬ್ಬರೂ ಅಲ್ಲೇ ಇದ್ದರು.

ಹೊರಡುವ ಹೊತ್ತಾಯಿತು.

"ಹೋಗ್ಬೇಡ ಸುಯಾ." ಅವತ್ತು ಬಾರದಿದ್ದ ಮಾತು ಇವತ್ತು ಅವನ ಬಾಯಿಗೆ ಬಂತು.

"ಹೋಗ್ಬೇಕು ಮೂಚೆನ್. ಅಲ್ಲೊಬ್ಬರು ಅಜ್ಜಿ ಇದ್ದಾರೆ, ನನ್ನ ಕೈಲಲ್ಲದೆ ಬೇರೆಯವರ ಕೈಲಿ ಊಟ ಮಾಡಲ್ಲ. ಹೇಳದೆ ಕೇಳದೆ ಬಿಟ್ಟು ಬರೋದು ಹೇಗೆ? ಒಂದ್ಸಲ ಹಾಗೆ ಹೋಗಿ ಏನಾಯ್ತು ನೋಡಿದ್ವಲ್ಲ. ಅವರನ್ನ ಬೇರೆಯವರಿಗೆ ಒಗ್ಗಿಸಿ, ಕೆಲಸ ಬಿಟ್ಟು ಬರ್ತೀನಿ. ಅಪ್ಪನ ಸೂತಕದ ನೂರು ದಿನಾನೂ ಕಳೀಲಿ."

ಅವನು ಏನೋ ಹೇಳಲು ಹೊರಟ. ಸುಯಾ ಬೇಡವೆಂದು ಕೈ ತೋರಿಸಿದಳು. ತನ್ನ ಬಟ್ಟಲಿನ ಮುಚ್ಚಳವನ್ನೆತ್ತಿ, ಅಂಗಿಯ ಅಂಚಿನಲ್ಲಿ ಒರೆಸಿ, ತಾನು ಕೂತಿದ್ದ ಕುರ್ಚಿಯ ಮೇಲೆ ಮೆಲ್ಲಗೆ ಇಟ್ಟಳು. ನಮ್ಮ ಮಾತಿನಲ್ಲಿ ಹೊರಡುವವರು 'ಹೋಗ್ತೀನಿ' ಎನ್ನುವುದಿಲ್ಲ, 'ಬರ್ತೀನಿ' ಎನ್ನುತ್ತಾರಲ್ಲ, ಹಾಗೆ.

"ಚಿಕ್ಕಮ್ಮಾ, ನನ್ನ ಜಾಗ ಯಾರಿಗೂ ಕೊಡಬೇಡಿ!"

"ಕೊಟ್ರೆ ಕೇಳು!" ಅತ್ತಲಿಂದ ಕೂಗು ಬಂತು.

ತೋಟದ ಗಿಂಕ್ಗೊ ಮರಗಳೆಲ್ಲ ಹಳದಿಯಾಗುವ ಹೊತ್ತಿಗೆ ಸುಯಾ ಚೆಂಗ್ಡುವಿನಲ್ಲಿ ಇಳಿದಳು. ಈ ಸಲ ಮುಂದಿನ ವಿಮಾನ ಯಾವುದೂ ಇರಲಿಲ್ಲ. ತೋಳಿನಲ್ಲಿ ಕಪ್ಪು ಬಟ್ಟೆಯೂ ಇರಲಿಲ್ಲ. ನಿಲ್ದಾಣಕ್ಕೆ ಬರುತ್ತೇನೆಂದವನಿಗೆ ಅವಳೇ ಬೇಡವೆಂದಿದ್ದಳು: "ನಮ್ಮ ಮೇಜಲ್ಲೇ ಇರು. ಅಲ್ಲಿಗೇ ಬರ್ತೀನಿ."

ಬಂದಳು. ಮೇಜಿತ್ತು, ಎರಡು ಬಟ್ಟಲಿದ್ದವು, ಎರಡು ಕುರ್ಚಿಯಿದ್ದವು.

ಮೂಚೆನ್ ಇರಲಿಲ್ಲ!

ಒಂದು ಕ್ಷಣ ಹಳೆಯ ಹೆದರಿಕೆ ಕತ್ತಿನವರೆಗೂ ಬಂತು. ಕೈ ಫೋನಿನ ಕಡೆ ಹೋಯಿತು. ಆಗ ಕುರ್ಚಿಗಳ ಮೇಲೆ ಕಣ್ಣು ಬಿತ್ತು. ಅವಳ ಕುರ್ಚಿಯ ಮೇಲೊಂದು ಮುಚ್ಚಳ. ಅವನ ಕುರ್ಚಿಯ ಮೇಲೊಂದು ಮುಚ್ಚಳ.

ಸುಯಾ ಫೋನು ಒಳಗಿಟ್ಟಳು. ತನ್ನ ಮುಚ್ಚಳ ತೆಗೆದು ಕೂತಳು. ಅವನದನ್ನು ಮುಟ್ಟಲಿಲ್ಲ. ಯಾರೋ ಬಂದು, "ಈ ಕುರ್ಚಿ ಖಾಲಿನಾ?" ಎಂದರು. "ಇಲ್ಲ, ನಮ್ಮನೆಯವರದು. ಬರ್ತಾರೆ," ಎಂದಳು. ಹಾಗೆಂದು ತಾನೇ ನಾಚಿದಳು. ಎಲೆಗಳು ಉದುರುತ್ತಿದ್ದವು, ಚಹಾ ಆರಿತು. ಅವಳು ಏಳಲಿಲ್ಲ.

ಕೊನೆಗೆ ಅವನು ಬಂದ, ಏದುಸಿರು ಬಿಡುತ್ತಾ, ಓಡಿಕೊಂಡು. ದೂರದಿಂದಲೇ ಅವಳನ್ನು ಕಂಡು ಕಾಲು ನಿಂತಿತು. ಅವನ ಮುಷ್ಟಿಯಲ್ಲಿ ಹಸಿರುಕಲ್ಲಿನ ಬಳೆಯಿತ್ತು.

"ಅಜ್ಜಿ ಬಳೆ... ಮನೇಲೇ ಮರೆತು ಬಂದಿದ್ದೆ. ತರೋಕೆ ಓಡಿದ್ದೆ." ಅವಳ ಮುಂಗೈ ಹಿಡಿದು ಬಳೆ ಏರಿಸಿದ. "ಬಂದು ತುಂಬಾ ಹೊತ್ತಾಯ್ತಾ ಸುಯಾ?"

"ಹ್ಞೂಂ."

"ಎದ್ದು ಹೋಗ್ಬಿಡೋಣ ಅನ್ನಿಸ್ಲಿಲ್ವಾ?"

ಸುಯಾ ಅವನ ಕುರ್ಚಿಯ ಮೇಲಿದ್ದ ಮುಚ್ಚಳವನ್ನೆತ್ತಿ ಅವನ ಕೈಗಿಟ್ಟಳು.

"ಮುಚ್ಚಳ ಇತ್ತಲ್ಲ... ಕಾದೆ."